ಮನೆ ಮಾರುವ ಮುಂಚೆ: ಕಡಿಮೆ ಖರ್ಚಿನಲ್ಲಿ ಏನು ಮಾಡಿಸಬೇಕು, ಯಾವುದಕ್ಕೆ ಕೈ ಹಾಕಬಾರದು

ಮನೆ ಮಾರಬೇಕು ಅಂತ ತೀರ್ಮಾನವಾದ ಕೂಡಲೇ ಮನೆಯೊಳಗೆ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ‘ಹೇಗಿದೆಯೋ ಹಾಗೇ ಕೊಟ್ಟುಬಿಡೋಣ, ಸುಮ್ನೆ ದುಡ್ಡು ಯಾಕೆ ಸುರಿಯಬೇಕು’ ಅನ್ನುವುದು ಒಂದು ಪಕ್ಷ. ‘ಹೊಸ ಕಿಚನ್, ಹೊಸ ಬಾತ್‌ರೂಮ್ ಮಾಡಿಸಿದರೆ ಹತ್ತು ಲಕ್ಷ ಜಾಸ್ತಿ ಬರುತ್ತದೆ’ ಅನ್ನುವುದು ಇನ್ನೊಂದು. ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ ಎರಡೂ ನಷ್ಟದ ದಾರಿ.

ಕಾರಣ ಇಷ್ಟೇ. ಮನೆ ನೋಡಲು ಬಂದವರು ಅರ್ಧ ಗಂಟೆಗಿಂತ ಜಾಸ್ತಿ ನಿಲ್ಲುವುದಿಲ್ಲ. ಅಷ್ಟು ಹೊತ್ತಿನಲ್ಲಿ ಕಣ್ಣಿಗೆ ಬಿದ್ದ ಪ್ರತಿ ಕೊರತೆಯನ್ನೂ ಹಿಗ್ಗಿಸಿಯೇ ಲೆಕ್ಕ ಹಾಕುತ್ತಾರೆ. ಚಾವಣಿಯ ಮೂಲೆಯಲ್ಲಿ ಅಂಗೈಯಗಲ ತೇವದ ಕಲೆ ಕಂಡರೆ ‘ಇಡೀ ಟೆರೇಸ್ ಹೋಗಿದೆ’ ಅಂದುಕೊಳ್ಳುತ್ತಾರೆ. ಅದನ್ನು ಸರಿ ಮಾಡಿಸಲು ನಿಮಗೆ ಕೆಲವು ಸಾವಿರ ಸಾಕು. ಆದರೆ ಅವರು ಬೆಲೆ ಇಳಿಸಿ ಕೇಳುವುದು ಲಕ್ಷದಲ್ಲಿ. ಆದ್ದರಿಂದ ಮಾರುವ ಮುಂಚಿನ ಖರ್ಚೆಲ್ಲ ಕೊಳ್ಳುವವರ ಅನುಮಾನ ತೆಗೆಯುವ ಕಡೆ ಹೋಗಬೇಕು. ಅಂದ ಚಂದ ಅವರವರ ರುಚಿಗೆ ಬಿಟ್ಟದ್ದು, ಅದನ್ನು ಅವರೇ ಮಾಡಿಸಿಕೊಳ್ಳುತ್ತಾರೆ.

ಹೆಜ್ಜೆ 1: ಕೊಳ್ಳುವವರು ಯಾರು ಅಂತ ಮೊದಲು ಅಂದಾಜು ಮಾಡಿ

ಇದು ಇಡೀ ಕೆಲಸದ ಬುಡ. ಜಯನಗರ, ಮಲ್ಲೇಶ್ವರ, ರಾಜಾಜಿನಗರದಂಥ ಕಡೆ ಮೂವತ್ತು ನಲವತ್ತು ವರ್ಷದ ಹಳೆ ಮನೆ ಇದ್ದರೆ, ಬೆಲೆ ಬರುವುದು ಬಹುಪಾಲು ಸೈಟಿಗೆ. ಕೊಂಡವರು ಕೆಡವಿ ಮೂರು ಮಹಡಿ ಎಬ್ಬಿಸುವ ಸಂಭವವೇ ಜಾಸ್ತಿ. ಅಂಥ ಮನೆಗೆ ಬಣ್ಣ ಹೊಡೆಸುವುದು ದಂಡ. ಕಾಂಪೌಂಡ್ ಒಳಗಿನ ಕಸ ತೆಗೆಸಿ, ಸೈಟಿನ ಅಳತೆ ಟೇಪು ಹಿಡಿದು ನೋಡಿ, ಕಾಗದ ಪತ್ರ ಸರಿ ಮಾಡಿಕೊಳ್ಳಿ, ಸಾಕು.

ಅಕ್ಕಪಕ್ಕದ ಬೀದಿಯಲ್ಲಿ ಕಳೆದ ಎರಡು ಮೂರು ವರ್ಷದಲ್ಲಿ ಮಾರಾಟವಾದ ಮನೆಗಳು ಈಗ ಹೇಗಿವೆ ಅಂತ ಒಂದು ಸುತ್ತು ಹಾಕಿ ಬನ್ನಿ. ಕೆಡವಿ ಕಟ್ಟಿದ್ದಾರೋ, ಅದೇ ಮನೆಯಲ್ಲಿ ವಾಸ ಇದ್ದಾರೋ, ಪಿಜಿ ಮಾಡಿದ್ದಾರೋ? ಬ್ರೋಕರ್ ಹೇಳುವುದಕ್ಕಿಂತ ಈ ಸುತ್ತಾಟದಲ್ಲೇ ಜಾಸ್ತಿ ಗೊತ್ತಾಗುತ್ತದೆ.

ಅಪಾರ್ಟ್‌ಮೆಂಟ್ ಆದರೆ, ಅಥವಾ ಹತ್ತು ಹದಿನೈದು ವರ್ಷದ ಡ್ಯೂಪ್ಲೆಕ್ಸ್ ಆದರೆ, ಬರುವವರು ವಾಸಕ್ಕೆಂದೇ ಬರುತ್ತಾರೆ. ಕೆಳಗೆ ಹೇಳುವುದೆಲ್ಲ ಮುಖ್ಯವಾಗಿ ಇಂಥ ಮನೆ ಮಾರುವವರಿಗೆ. ಮೇಲೆ ಬಾಡಿಗೆಗೆ ಎರಡು ಪೋರ್ಷನ್ ಇರುವ ಮನೆ ಆದರೆ ಕೊಳ್ಳುವವರು ಬಾಡಿಗೆ ಲೆಕ್ಕ ಹಾಕುತ್ತಾರೆ. ಅಲ್ಲಿ ಪ್ರತಿ ಪೋರ್ಷನ್‌ಗೂ ಬೇರೆ ಕರೆಂಟ್ ಮೀಟರ್ ಇರುವುದು, ನೀರಿನ ಲೈನ್ ಸರಿಯಿರುವುದು ಟೈಲ್ಸ್‌ಗಿಂತ ದೊಡ್ಡ ವಿಷಯ.

ಹೆಜ್ಜೆ 2: ಎಷ್ಟು ದುಡ್ಡು, ಯಾವ ತಿಂಗಳು

ನನ್ನ ಲೆಕ್ಕ ಸರಳ. ನೀವು ನಿರೀಕ್ಷಿಸುವ ಬೆಲೆಯ ನೂರಕ್ಕೆ ಒಂದು ಪಾಲಿಗಿಂತ ಜಾಸ್ತಿ ಖರ್ಚು ಮಾಡಬೇಡಿ. ಒಂದು ಕೋಟಿಯ ಮನೆಗೆ ಒಂದು ಲಕ್ಷ ಅನ್ನುವುದು ಮೇಲಿನ ಮಿತಿ. ಅದರಲ್ಲಿ ಅರ್ಧ ಬಣ್ಣಕ್ಕೆ ಹೋಗುತ್ತದೆ. ಉಳಿದದ್ದರಲ್ಲಿ ನೀರು, ಕರೆಂಟು, ಬಾಗಿಲು, ಶುಚಿ. ಒಂದು ಪಾಲು ಕೈಯಲ್ಲಿ ಉಳಿಸಿಕೊಳ್ಳಿ. ಹಳೆ ಮನೆಯಲ್ಲಿ ಒಂದು ಕಡೆ ಗೋಡೆ ಕೆರೆದರೆ ಇನ್ನೊಂದು ಕಡೆ ಕೆಲಸ ಏಳುತ್ತದೆ.

ತಿಂಗಳ ವಿಷಯಕ್ಕೆ ಬಂದರೆ, ಕೆಲಸ ಮಾಡಿಸಲು ಧನುರ್ಮಾಸದಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಮನೆ ವ್ಯವಹಾರ ಮಾತಾಡಲು ಬಹಳ ಜನ ಹಿಂದೆ ಮುಂದೆ ನೋಡುತ್ತಾರೆ. ಮಳೆಯೂ ಇರುವುದಿಲ್ಲ. ಗೋಡೆ ಒಣಗಿರುತ್ತದೆ, ಟೆರೇಸ್ ಒಣಗಿರುತ್ತದೆ. ಆ ತಿಂಗಳಲ್ಲಿ ಕೆಲಸ ಮುಗಿಸಿ ಸಂಕ್ರಾಂತಿ ಆದ ಮೇಲೆ ಮನೆ ತೋರಿಸಲು ಶುರು ಮಾಡಿದರೆ ಯುಗಾದಿ, ಅಕ್ಷಯ ತೃತೀಯದ ಹೊತ್ತಿಗೆ ಅಡ್ವಾನ್ಸ್ ಕೊಡುವವರು ಸಿಗುತ್ತಾರೆ. ಮಕ್ಕಳ ಸ್ಕೂಲು ಶುರುವಾಗುವ ಮುಂಚೆ ಮನೆ ಸೇರಬೇಕು ಅನ್ನುವವರೂ ಇದೇ ಹೊತ್ತಿನಲ್ಲಿ ಓಡಾಡುತ್ತಾರೆ.

ಆಷಾಢದಲ್ಲೂ ವ್ಯವಹಾರ ತಣ್ಣಗಿರುತ್ತದೆ. ಆಗ ಒಳಗಿನ ಕೆಲಸ ಮಾಡಿಸಬಹುದು. ಹೊರಗೋಡೆಗೆ, ಟೆರೇಸಿಗೆ ಮಾತ್ರ ಕೈ ಹಾಕಬೇಡಿ. ಬೆಂಗಳೂರಿನಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸುರಿಯುವ ಮಳೆಯೇ ಜಾಸ್ತಿ. ಒದ್ದೆ ಗೋಡೆಯ ಮೇಲೆ ಬಳಿದ ಬಣ್ಣ ಬೇಗ ಹಪ್ಪಳದ ಹಾಗೆ ಏಳುತ್ತದೆ.

ಹೆಜ್ಜೆ 3: ಬೇರೆಯವರ ಕಣ್ಣಿನಲ್ಲಿ ಮನೆ ನೋಡಿ

ಇಷ್ಟು ವರ್ಷ ಇದ್ದ ಮನೆಯ ಕೊರತೆ ನಮಗೆ ಕಾಣುವುದಿಲ್ಲ. ಅಂಟಿಕೊಳ್ಳುವ ಬಾಗಿಲನ್ನು ಮೊಣಕೈಯಲ್ಲಿ ತಳ್ಳಿ ತೆಗೆಯುವುದು ಅಭ್ಯಾಸ ಆಗಿರುತ್ತದೆ. ಅದಕ್ಕೇ ಒಬ್ಬ ನೆಂಟರನ್ನೋ ಸ್ನೇಹಿತರನ್ನೋ ಕರೆದು ‘ನೀವು ಕೊಳ್ಳುವವರು ಅಂದುಕೊಂಡು ನೋಡಿ, ಮುಲಾಜಿಲ್ಲದೆ ಹೇಳಿ’ ಅನ್ನಿ. ಅವರ ಹಿಂದೆ ಪುಸ್ತಕ ಹಿಡಿದು ಓಡಾಡಿ, ಹೇಳಿದ್ದೆಲ್ಲ ಬರೆದುಕೊಳ್ಳಿ. ನಡುವೆ ಸಮಜಾಯಿಷಿ ಕೊಡಬೇಡಿ.

ವಿಜಯನಗರದಲ್ಲಿ ಪರಿಚಯದವರ ಮನೆಗೆ ಕೊಳ್ಳುವವರು ಬಂದಾಗ ನಾನೂ ಅಲ್ಲಿದ್ದೆ. ಮಗ, ಸೊಸೆ ಹಾಲಿನಲ್ಲಿ ನಿಂತು ಅಳತೆ ಕೇಳುತ್ತಿದ್ದರು. ಜೊತೆಗೆ ಬಂದಿದ್ದ ಅಜ್ಜಿ ಯಾರಿಗೂ ಹೇಳದೆ ಅಡುಗೆಮನೆಗೆ ಹೋದರು. ಸಿಂಕಿನ ನಲ್ಲಿ ತಿರುಗಿಸಿ ನೀರಿನ ರಭಸ ನೋಡಿದರು. ಸಿಂಕಿನ ಕೆಳಗಿನ ಕದ ತೆಗೆದು ಬಗ್ಗಿ ಮೂಸಿದರು. ಆಮೇಲೆ ಹೊರಗೆ ಬಂದು ‘ಸಂಪಿನ ಮುಚ್ಚಳ ತೆಗೀತೀರಾ ಮಗಾ?’ ಅಂದರು. ಹಾಲಿನ ಫಾಲ್ಸ್ ಸೀಲಿಂಗ್ ಕಡೆ ಅವರು ಕತ್ತೆತ್ತಿಯೂ ನೋಡಲಿಲ್ಲ. ಮನೆ ಮಾರುವವರು ಎದುರಿಸಬೇಕಾದದ್ದು ಈ ಅಜ್ಜಿಯನ್ನು.

ಪಟ್ಟಿ ಆದ ಮೇಲೆ ಎರಡು ಭಾಗ ಮಾಡಿ. ‘ಇದು ಇನ್ನೂ ದೊಡ್ಡದಾಗಬಹುದು’ ಅಂತ ಅನುಮಾನ ಹುಟ್ಟಿಸುವುದು ಒಂದು ಕಡೆ: ತೇವ, ಬಿರುಕು, ಗೆದ್ದಲು, ಕರೆಂಟು, ನೀರು. ಬರೀ ಹಳತಾಗಿ ಕಾಣುವುದು ಇನ್ನೊಂದು ಕಡೆ. ಮೊದಲನೆಯದು ಪೂರ್ತಿ ಮುಗಿಯುವವರೆಗೆ ಎರಡನೆಯದನ್ನು ಮುಟ್ಟಬೇಡಿ.

ಹೆಜ್ಜೆ 4: ತೇವ ಮತ್ತು ಸೋರಿಕೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ದುಡ್ಡು ಉಳಿಯುವುದೂ ಇಲ್ಲೇ, ವ್ಯವಹಾರ ಕೆಡುವುದೂ ಇಲ್ಲೇ.

ಮೊದಲು ತೇವ ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಬೇಕು. ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಕಲೆಯ ಮೇಲೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಗೆ, ಅಂದರೆ ಗೋಡೆ ಕಡೆಗೆ, ನೀರಿನ ಹನಿ ಕಟ್ಟಿದ್ದರೆ ಗೋಡೆಯೊಳಗೆ ತೇವ ಇದೆ. ಹೊರಮೈ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆಗೆದಿಟ್ಟರೆ ಸಾಕು.

ಕಲೆ ಚಾವಣಿಯಲ್ಲಿದ್ದರೆ ಟೆರೇಸಿಗೆ ಹತ್ತಿ. ಮಳೆನೀರು ಹೋಗುವ ಪೈಪಿನ ಬಾಯಲ್ಲಿ ಹೊಂಗೆ ಎಲೆ, ಒಣಗಿದ ಹೂವು, ಪಾರಿವಾಳದ ಪುಕ್ಕ ಸೇರಿ ಕಟ್ಟಿಕೊಂಡಿರುತ್ತದೆ. ಎಷ್ಟೋ ಮನೆಯಲ್ಲಿ ಸೋರಿಕೆಯ ಕಾರಣ ಇದೊಂದೇ. ಅದನ್ನು ತೆಗೆದು ಜಾಲರಿ ಹಾಕಿಸಿ. ಆಮೇಲೆ ಪ್ಯಾರಪೆಟ್ ಗೋಡೆ ಟೆರೇಸಿನ ನೆಲಕ್ಕೆ ಸೇರುವ ಮೂಲೆ, ಪೈಪು ಚಾವಣಿ ತೂರಿ ಇಳಿಯುವ ಜಾಗ, ಟ್ಯಾಂಕಿನ ಸ್ಟ್ಯಾಂಡ್ ಕೆಳಗೆ ನೋಡಿ. ಸೋಲಾರ್ ಹೀಟರಿನ ಕಾಲುಗಳನ್ನು ಬೋಲ್ಟ್ ಹಾಕಿ ಕೂರಿಸಿದ ಜಾಗವನ್ನಂತೂ ಮರೆಯಬೇಡಿ. ಆ ತೂತುಗಳಲ್ಲಿ ನೀರು ಇಳಿದು, ಹತ್ತಡಿ ಆಚೆ ಬೆಡ್‌ರೂಮಿನಲ್ಲಿ ಕಲೆಯಾಗಿ ಕಾಣಿಸಿಕೊಳ್ಳುವುದುಂಟು.

ಅನುಮಾನ ಇರುವ ಜಾಗದಲ್ಲಿ ಸುತ್ತ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಒಂದೆರಡು ಇಂಚು ನೀರು ನಿಲ್ಲಿಸಿ, ಇಪ್ಪತ್ತನಾಲ್ಕು ಗಂಟೆ ಬಿಡಿ. ಕೆಳಗೆ ತೇವ ಕಂಡರೆ ಅದೇ ಜಾಗ. ಅಲ್ಲಿಗೆ ಮಾತ್ರ ಕೆಲಸ ಮಾಡಿಸಿ. ‘ಇಡೀ ಟೆರೇಸ್ ಮಾಡಿಬಿಡೋಣ ಸಾರ್, ಆಮೇಲೆ ತಲೆನೋವೇ ಇರಲ್ಲ’ ಅಂತ ಮೇಸ್ತ್ರಿ ಹೇಳೇ ಹೇಳುತ್ತಾನೆ. ಪರೀಕ್ಷೆಯಲ್ಲಿ ಕಂಡದ್ದನ್ನು ತೋರಿಸಿ ಮಾತಾಡಿ.

ಸಣ್ಣ ಬಿರುಕಿಗೆ ಬಿರುಕನ್ನು ವಿ ಆಕಾರದಲ್ಲಿ ಸ್ವಲ್ಪ ಅಗಲ ಮಾಡಿ, ದೂಳು ಬ್ರಷ್‌ನಲ್ಲಿ ತೆಗೆದು, ಕ್ರ್ಯಾಕ್ ಫಿಲ್ಲರ್ ತುಂಬಬೇಕು. ಮೇಲೆ ಬಲೆಯ ಪಟ್ಟಿ ಇಟ್ಟು ವಾಟರ್‌ಪ್ರೂಫ್ ಕೋಟಿಂಗ್ ಎರಡು ಸಲ ಬಳಿಯಬೇಕು. ಮೊದಲನೆಯದು ಒಣಗಿದ ಮೇಲೆ ಎರಡನೆಯದು, ಅಡ್ಡ ದಿಕ್ಕಿನಲ್ಲಿ. ಬಿಳಿ ಬಣ್ಣದ ಕೋಟಿಂಗ್ ತೆಗೆದುಕೊಂಡರೆ ಏಪ್ರಿಲ್ ಬಿಸಿಲಿಗೆ ಮೇಲಿನ ಮಹಡಿ ಸ್ವಲ್ಪ ತಂಪಾಗಿಯೂ ಇರುತ್ತದೆ.

ಗೋಡೆಯ ಬುಡದಲ್ಲಿ, ನೆಲದಿಂದ ಎರಡು ಮೂರಡಿವರೆಗೆ ಬಣ್ಣ ಎದ್ದು ಬಿಳಿ ಉಪ್ಪು ಪುಡಿ ಉದುರುತ್ತಿದ್ದರೆ ಕಥೆ ಬೇರೆ. ಅದು ಪಾಯದಿಂದ ಮೇಲೆ ಏರುವ ತೇವ. ಇಲ್ಲಿ ಬಣ್ಣ ಬಳಿದು ಮುಚ್ಚಲು ಹೋಗಬೇಡಿ. ಹೊರಗಡೆ ಅದೇ ಗೋಡೆಗೆ ಮಣ್ಣು ಒತ್ತಿಕೊಂಡಿದೆಯಾ, ಹೂಕುಂಡ ಸಾಲಾಗಿ ಇಟ್ಟು ದಿನಾ ನೀರು ಹಾಕುತ್ತಿದ್ದೀರಾ, ನಲ್ಲಿ ಹನಿಯುತ್ತಿದೆಯಾ ನೋಡಿ. ಅವನ್ನು ಸರಿಸಿ ನೆಲಕ್ಕೆ ಹೊರಗಡೆ ಇಳಿಜಾರು ಕೊಟ್ಟರೆ ಅರ್ಧ ಸಮಸ್ಯೆ ಇಳಿಯುತ್ತದೆ. ಉಳಿದದ್ದಕ್ಕೆ ಆ ಎತ್ತರದವರೆಗೆ ಗಾರೆ ಕೆತ್ತಿಸಿ, ವಾಟರ್‌ಪ್ರೂಫ್ ಸೇರಿಸಿದ ಹೊಸ ಗಾರೆ ಹಾಕಿಸಬೇಕು. ಹೊಸ ಗಾರೆಯ ಮೇಲೆ ಮೂರು ನಾಲ್ಕು ವಾರ ಬಣ್ಣ ಬೇಡ.

ಬಿರುಕುಗಳಲ್ಲೂ ಭೇದ ಇದೆ. ಕೂದಲೆಳೆಯಂಥವು ಗಾರೆಯವು, ಪುಟ್ಟಿ ಸಾಕು. ಕಾಂಕ್ರೀಟ್ ಕಂಬ (ಕಾಲಂ) ಮತ್ತು ಇಟ್ಟಿಗೆ ಗೋಡೆ ಸೇರುವ ಕಡೆ ನೇರ ಗೆರೆ ಬಿಟ್ಟಿದ್ದರೂ ಸಾಮಾನ್ಯವಾಗಿ ಭಯವಿಲ್ಲ, ಬಲೆ ಹಾಕಿ ಮುಚ್ಚಬಹುದು. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟ, ಬೆರಳುಗುರು ಹೋಗುವಷ್ಟು ಅಗಲದ, ಮುಚ್ಚಿದರೂ ಮತ್ತೆ ಬಿಡುವ ಬಿರುಕಾದರೆ ಸಿವಿಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ, ಬರಹದಲ್ಲಿ ಅಭಿಪ್ರಾಯ ತೆಗೆದುಕೊಳ್ಳಿ. ಕಿಟಕಿ ಮೇಲಿನ ಸಜ್ಜಾದ ಕೆಳಗೆ ಕಾಂಕ್ರೀಟ್ ಉದುರಿ ಕಬ್ಬಿಣ ಕಾಣುತ್ತಿದ್ದರೆ ತುಕ್ಕು ಉಜ್ಜಿ ತೆಗೆಸಿ, ತುಕ್ಕು ತಡೆಯುವ ಪ್ರೈಮರ್ ಹಚ್ಚಿಸಿ, ಆಮೇಲೆ ಪಾಲಿಮರ್ ಗಾರೆ ತುಂಬಿಸಬೇಕು. ಬರೀ ಸಿಮೆಂಟ್ ಮೆತ್ತಿದರೆ ಮತ್ತೆ ಕಳಚುತ್ತದೆ.

ಇದನ್ನೆಲ್ಲ ಮುಚ್ಚಿಟ್ಟು ಮಾರಬಹುದಲ್ವಾ ಅಂತ ಕೇಳುವವರಿದ್ದಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ದೊಡ್ಡ ದೋಷ ನಿಮಗೆ ಗೊತ್ತಿದ್ದರೆ ಅದನ್ನು ಅವರಿಗೆ ತಿಳಿಸುವುದು ನಿಮ್ಮ ಹೊಣೆ. ಆದ್ದರಿಂದ ಸರಿ ಮಾಡಿಸಿ, ಮಾಡಿಸಿದ್ದನ್ನು ಬಿಲ್ ಸಮೇತ ಹೇಳಿ. ‘ಇಲ್ಲಿ ಸೋರುತ್ತಿತ್ತು, ಡಿಸೆಂಬರ್‌ನಲ್ಲಿ ಮಾಡಿಸಿದೆವು’ ಅಂತ ನೀವಾಗಿಯೇ ಹೇಳಿದರೆ ಉಳಿದ ಮಾತಿಗೂ ತೂಕ ಬರುತ್ತದೆ.

ಹೆಜ್ಜೆ 5: ನೀರು

2024ರ ಬೇಸಿಗೆಯ ನೀರಿನ ಬವಣೆ ಕಂಡ ಮೇಲೆ ಈ ಊರಿನಲ್ಲಿ ಮನೆ ಕೊಳ್ಳುವವರು ಮೊದಲು ಕೇಳುವುದು ನೀರಿನ ವಿಷಯ. ಕಾವೇರಿ ಇದೆಯಾ, ಯಾವ ದಿನ ಬಿಡುತ್ತಾರೆ, ಬೋರ್‌ವೆಲ್ ಎಷ್ಟು ಅಡಿ, ಟ್ಯಾಂಕರ್ ತರಿಸುತ್ತೀರಾ? ಉತ್ತರ ರೆಡಿ ಇಟ್ಟುಕೊಳ್ಳಿ. ಕಳೆದ ಒಂದು ವರ್ಷದ ಜಲಮಂಡಳಿ ಬಿಲ್‌ಗಳನ್ನು ಒಂದು ಫೈಲಿನಲ್ಲಿಡಿ.

ಸಂಪು ಮತ್ತು ಮೇಲಿನ ಟ್ಯಾಂಕನ್ನು ತೊಳೆಸಿ. ಸಂಪಿನ ಒಳಗೋಡೆಯ ಪಾಚಿ, ತಳದ ಹೂಳು, ತುಕ್ಕು ಹಿಡಿದ ಮುಚ್ಚಳ ಇವು ಮೂರೂ ಒಂದು ದಿನದ ಕೆಲಸ. ಸಂಪಿನೊಳಗೆ ಇಳಿಯುವ ಮುಂಚೆ ಮುಚ್ಚಳ ತೆಗೆದು ಗಾಳಿಯಾಡಲು ಬಿಡಿ. ಒಬ್ಬರನ್ನೇ ಇಳಿಸಬೇಡಿ, ಮೇಲೊಬ್ಬರು ನಿಂತಿರಲಿ.

ಸೋರಿಕೆ ಹುಡುಕಲು ರಾತ್ರಿ ಮಲಗುವ ಮುಂಚೆ ಎಲ್ಲ ನಲ್ಲಿ ಬಂದ್ ಮಾಡಿ. ಟ್ಯಾಂಕಿನ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೆಳಗ್ಗೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಕಳ್ಳ ಸಾಮಾನ್ಯವಾಗಿ ಫ್ಲಶ್ ಟ್ಯಾಂಕು. ಅದರಲ್ಲಿ ಅಡುಗೆಗೆ ಹಾಕುವ ಬಣ್ಣ ನಾಲ್ಕು ಹನಿ ಬಿಡಿ. ಫ್ಲಶ್ ಮಾಡದೇ ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ವಾಷರ್ ಬದಲಿಸಬೇಕು.

ನಲ್ಲಿಯಿಂದ ನೀರು ಸಣ್ಣಗೆ ಬರುತ್ತಿದ್ದರೆ ಇಡೀ ನಲ್ಲಿ ಬದಲಿಸುವ ಅಗತ್ಯವಿಲ್ಲ. ಬೋರ್‌ವೆಲ್‌ನ ಗಡಸು ನೀರಿಗೆ ನಲ್ಲಿಯ ತುದಿಯ ಜಾಲರಿಯಲ್ಲಿ ಸುಣ್ಣ ಕಟ್ಟಿರುತ್ತದೆ. ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ. ಶವರ್‌ಗೂ ಇದೇ ಮದ್ದು.

ಮಳೆನೀರು ಕೊಯ್ಲು ಇದೆಯಾ ನೋಡಿ. 2009ರಲ್ಲಿ ಕಾನೂನು ಬಂದಾಗ 60×40 ಅಡಿ ಮತ್ತು ಮೇಲ್ಪಟ್ಟ ಸೈಟಿನ ಹಳೆ ಮನೆಗಳಿಗೆ, 30×40 ಅಡಿ ಮತ್ತು ಮೇಲ್ಪಟ್ಟ ಸೈಟಿನ ಹೊಸ ಮನೆಗಳಿಗೆ ಇದು ಕಡ್ಡಾಯವಾಯಿತು. ಇಲ್ಲದಿದ್ದರೆ ನೀರಿನ ಬಿಲ್ ಜೊತೆಗೇ ದಂಡ ಬರುತ್ತದೆ, ಅದು ಕೊಳ್ಳುವವರ ಕಣ್ಣಿಗೂ ಬೀಳುತ್ತದೆ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ. ಸಾವಿರದ ಇನ್ನೂರು ಚದರಡಿ ಟೆರೇಸಿನ ಮೇಲೆ ವರ್ಷಕ್ಕೆ ಹೆಚ್ಚು ಕಡಿಮೆ ಒಂದು ಲಕ್ಷ ಲೀಟರ್ ಬೀಳುತ್ತದೆ. ಟೆರೇಸಿನ ಪೈಪುಗಳನ್ನು ಒಂದು ಫಿಲ್ಟರಿಗೆ ಸೇರಿಸಿ ಸಂಪಿಗೆ ಬಿಡುವುದು ಪ್ಲಂಬರ್‌ಗೆ ದೊಡ್ಡ ಕೆಲಸವೇನಲ್ಲ. ಹೇಗೆ ಮಾಡುತ್ತಾರೆ ಅಂತ ಕಣ್ಣಾರೆ ನೋಡಬೇಕಿದ್ದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಪಾರ್ಕ್ ಇದೆ.

ಹೆಜ್ಜೆ 6: ಕರೆಂಟು

ಹಳೆ ಪಿಂಗಾಣಿ ಫ್ಯೂಸ್ ಇದ್ದರೆ ತೆಗೆಸಿ, ಲೋಡ್ ಜಾಸ್ತಿಯಾದರೆ ತಾನಾಗಿಯೇ ಆಫ್ ಆಗುವ ಎಂಸಿಬಿ ಸ್ವಿಚ್ ಹಾಕಿಸಿ. ಜೊತೆಗೆ ಕರೆಂಟ್ ಸೋರಿದರೆ ಕಡಿದುಹಾಕುವ 30 ಮಿಲಿ ಆಂಪಿಯರ್‌ನ ಒಂದು ಆರ್‌ಸಿಸಿಬಿ ಹಾಕಿಸಿ, ಶಾಕ್ ಹೊಡೆಯದಂತೆ ಕಾಯುವುದು ಅದೇ. ಬೋರ್ಡಿನ ಮೇಲೆ ಯಾವ ಸ್ವಿಚ್ ಯಾವ ರೂಮಿನದು ಅಂತ ಚೀಟಿ ಅಂಟಿಸಿ. ಇದಕ್ಕೆ ಕಾಸು ಬೇಡ, ಆದರೆ ನೋಡಿದವರಿಗೆ ‘ಮನೆ ಚೆನ್ನಾಗಿ ಇಟ್ಟುಕೊಂಡಿದ್ದಾರೆ’ ಅನ್ನಿಸುತ್ತದೆ.

ನಿಧಾನ ತಿರುಗುವ ಫ್ಯಾನ್ ಬಿಸಾಡಬೇಡಿ. ಹೆಚ್ಚಿನ ಸಲ ಕೆಟ್ಟಿರುವುದು ಒಳಗಿನ ಕೆಪಾಸಿಟರ್. 2.5 ಮೈಕ್ರೋಫ್ಯಾರಡ್‌ನದು ಒಂದು ತಂದು ಹಾಕಿಸಿದರೆ ಹೊಸದರಂತೆ ತಿರುಗುತ್ತದೆ. ಹಳದಿ ತಿರುಗಿದ ಸ್ವಿಚ್ ಪ್ಲೇಟುಗಳನ್ನು ಮಾತ್ರ ಬದಲಿಸಿ. ವೈರಿಂಗ್ ಸರಿಯಿದ್ದರೆ ಅದನ್ನು ಕೆದಕಬೇಡಿ. ಬಲ್ಬುಗಳೆಲ್ಲ ಒಂದೇ ಛಾಯೆಯ ಎಲ್‌ಇಡಿ ಇರಲಿ. ಒಂದು ರೂಮು ಹಳದಿ, ಪಕ್ಕದ್ದು ನೀಲಿ ಬಿಳಿ ಇದ್ದರೆ ಗೋಡೆ ಬಣ್ಣವೇ ಬೇರೆ ಬೇರೆ ಕಾಣುತ್ತದೆ. ಸಾಮಾನು ಜಾಸ್ತಿ ಬೇಕಿದ್ದರೆ ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋಗಿ ಬನ್ನಿ, ಬಡಾವಣೆಯ ಅಂಗಡಿಗಿಂತ ಅಗ್ಗ.

ಹೆಜ್ಜೆ 7: ಬಣ್ಣ

ತೇವದ ಕೆಲಸ ಮುಗಿದು ಗೋಡೆ ಒಣಗಿದ ಮೇಲೆ ಬಣ್ಣ. ಖರ್ಚು ಮಾಡಿದ ರೂಪಾಯಿಗೆ ಕಣ್ಣಿಗೆ ಕಾಣುವ ಫಲ ಕೊಡುವುದರಲ್ಲಿ ಇದನ್ನು ಮೀರಿಸುವುದು ಇಲ್ಲ.

ಲೆಕ್ಕ ಹೀಗೆ. ಒಂದು ಸಾವಿರ ಚದರಡಿ ಕಾರ್ಪೆಟ್ ಏರಿಯಾದ ಎರಡು ಬೆಡ್‌ರೂಮ್ ಮನೆಗೆ ಗೋಡೆ, ಚಾವಣಿ ಸೇರಿ ಮೂರರಿಂದ ಮೂರೂವರೆ ಸಾವಿರ ಚದರಡಿ ಬರುತ್ತದೆ. ಒಳಗೋಡೆಯ ಎಮಲ್ಷನ್ ಎರಡು ಕೋಟ್‌ಗೆ ಲೀಟರಿಗೆ ಅರವತ್ತರಿಂದ ಎಪ್ಪತ್ತು ಚದರಡಿ. ಚಾವಣಿಯ ಸಾವಿರ ಚದರಡಿ ಬಿಟ್ಟರೆ, ಗೋಡೆಗಳಿಗೆ ಇಪ್ಪತ್ತು ಲೀಟರಿನ ಎರಡು ಡಬ್ಬ ಸಾಕು. ಪೇಂಟರ್ ಮೂರು ಕೇಳಿದರೆ ಚದರಡಿ ಲೆಕ್ಕ ಕೇಳಿ. ಮಾರುವ ಮನೆಗೆ ಮಧ್ಯಮ ದರ್ಜೆಯ ಎಮಲ್ಷನ್ ಸಾಕು. ಹತ್ತು ವರ್ಷ ಬಾಳುವ ದುಬಾರಿ ಬಣ್ಣಕ್ಕೆ ನೀವ್ಯಾಕೆ ದುಡ್ಡು ಕೊಡಬೇಕು? ಹಾಗಂತ ಡಿಸ್ಟೆಂಪರ್ ಅನ್ನುವ ಅಗ್ಗದ ಬಣ್ಣಕ್ಕೂ ಇಳಿಯಬೇಡಿ. ಗೋಡೆಗೆ ಒರಗಿದವರ ಬಟ್ಟೆಗೆ ಬಿಳಿ ಹತ್ತಿದರೆ ಅಲ್ಲೇ ಮರ್ಯಾದೆ ಹೋಯಿತು.

ಬಣ್ಣ ಬಳಿಯುವ ಮುಂಚೆ ಒಂದು ಪರೀಕ್ಷೆ. ಹಳೆ ಬಣ್ಣವನ್ನು ಉಗುರಿನಲ್ಲಿ ಗೀರಿ ನೋಡಿ. ಪದರವಾಗಿ ಎದ್ದು ಬಂದರೆ ಅಷ್ಟು ಜಾಗ ಪೂರ್ತಿ ಕೆರೆಯಲೇಬೇಕು. ಗಟ್ಟಿ ಇದ್ದರೆ ಮರಳು ಕಾಗದ ಉಜ್ಜಿ, ದೂಳು ಒರೆಸಿ, ನೇರವಾಗಿ ಎರಡು ಕೋಟ್ ಕೊಡಬಹುದು. ಎಲ್ಲ ಗೋಡೆಗೂ ಪುಟ್ಟಿ ಮಾಡಿಸುವುದು ಅನಾವಶ್ಯಕ. ಮೊಳೆ ತೂತು, ಚಕ್ಕೆ ಎದ್ದ ಕಡೆ ಮಾತ್ರ ಪುಟ್ಟಿ, ಅದರ ಮೇಲೆ ಪ್ರೈಮರ್. ಪ್ರೈಮರ್ ಬಿಟ್ಟರೆ ಆ ಜಾಗ ಒಣಗಿದ ಮೇಲೆ ಮಂಕಾಗಿ ಎದ್ದು ಕಾಣುತ್ತದೆ. ಸಂಜೆ ಲೈಟ್ ಹಾಕಿ ಓರೆಯಾಗಿ ನೋಡಿದರೆ ಗೊತ್ತಾಗುತ್ತದೆ.

ಬಣ್ಣದ ಆಯ್ಕೆಯಲ್ಲಿ ಧೈರ್ಯ ತೋರಿಸಬೇಡಿ. ಕೆನೆ ಬಿಳಿ, ತಿಳಿ ದಂತದ ಬಣ್ಣ, ಎಲ್ಲ ರೂಮಿಗೂ ಒಂದೇ. ಚಾವಣಿಗೆ ಬಿಳಿ. ಮಕ್ಕಳ ರೂಮಿನ ನೇರಳೆ ಗೋಡೆ, ಹಾಲಿನ ಕೇಸರಿ ಗೋಡೆ ಮುಚ್ಚಿಬಿಡಿ, ಅದಕ್ಕೆ ಒಂದು ಕೋಟ್ ಜಾಸ್ತಿ ಬೇಕಾಗುತ್ತದೆ. ಹೊರಗೋಡೆಯಲ್ಲಿ ಬೀದಿಗೆ ಕಾಣುವ ಮುಂಭಾಗ ಮತ್ತು ಕಾಂಪೌಂಡ್ ಸಾಕು. ಮೊದಲು ಪ್ರೆಶರ್ ಪಂಪಿನಲ್ಲಿ ತೊಳೆಸಿ ನೋಡಿ. ಕಪ್ಪು ಪಾಚಿ ಹೋದ ಮೇಲೆ ಬಣ್ಣವೇ ಬೇಡ ಅನ್ನಿಸಿದರೂ ಅನ್ನಿಸಬಹುದು.

ಹೆಜ್ಜೆ 8: ನೆಲ, ಬಾಗಿಲು, ಗೆದ್ದಲು

ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳಲ್ಲಿ ಕೆಂಪು ರೆಡ್ ಆಕ್ಸೈಡ್ ನೆಲ ಇದ್ದರೆ ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ಅಂಥ ನೆಲ ಹುಡುಕಿಕೊಂಡು ಬರುವವರೂ ಇದ್ದಾರೆ. ಸೋಪಿನ ನೀರಲ್ಲಿ ಉಜ್ಜಿ ತೊಳೆದು, ಒಣಗಿಸಿ, ವ್ಯಾಕ್ಸ್ ಪಾಲಿಶ್ ಹಚ್ಚಿ ಒಣಬಟ್ಟೆಯಲ್ಲಿ ತಿಕ್ಕಿದರೆ ಮುಖ ಕಾಣುವಷ್ಟು ಹೊಳೆಯುತ್ತದೆ. ಮೊಸಾಯಿಕ್ ನೆಲಕ್ಕೆ ಮಷಿನ್ ಪಾಲಿಶ್ ಮಾಡಿಸಿ. ಬಣ್ಣಕ್ಕೆ ಮುಂಚೆಯೇ ಮಾಡಿಸಬೇಕು, ಯಾಕೆಂದರೆ ಕೆಸರು ಗೋಡೆಗೆ ಹಾರುತ್ತದೆ. ಒಂದು ಎಚ್ಚರ: ಮೊಸಾಯಿಕ್, ಮಾರ್ಬಲ್, ಕಡಪ ಕಲ್ಲಿನ ಮೇಲೆ ಆಸಿಡ್ ಸುರಿಯಬೇಡಿ. ಕಲ್ಲಿನಲ್ಲಿರುವ ಸುಣ್ಣವನ್ನು ಆಸಿಡ್ ತಿಂದು ಹಾಕುತ್ತದೆ, ಹೊಳಪು ಶಾಶ್ವತವಾಗಿ ಹೋಗುತ್ತದೆ.

ಬಾಗಿಲುಗಳಿಗೆ ಬಡಗಿಯನ್ನು ಒಂದು ದಿನ ಕರೆಸಿ. ಅಂಟಿಕೊಳ್ಳುವ ಕದಕ್ಕೆ ಅಂಚು ಹೆರೆಯುವುದು, ಸಡಿಲವಾದ ಚಿಲಕ, ಕಿರುಗುಟ್ಟುವ ಕೀಲು, ಸೊಳ್ಳೆ ಜಾಲರಿಯ ಹರುಕು ಎಲ್ಲ ಒಟ್ಟಿಗೆ ಮುಗಿಸಿ. ತಲೆಬಾಗಿಲು ತೇಗದ್ದಾದರೆ ಹಳೆ ಪಾಲಿಶ್ ಉಜ್ಜಿಸಿ ಹೊಸದಾಗಿ ಹಚ್ಚಿಸಿ. ಕೊಳ್ಳುವವರು ಬೀಗ ತೆಗೆಯುವವರೆಗೆ ನೋಡುತ್ತಾ ನಿಲ್ಲುವುದು ಇದನ್ನೇ.

ಬಾಗಿಲ ಚೌಕಟ್ಟಿನ ಬುಡದಲ್ಲಿ, ಅಟ್ಟದ ಮೂಲೆಯಲ್ಲಿ ಮಣ್ಣಿನ ಸಣ್ಣ ಗೆರೆ ಕಂಡರೆ ಗೆದ್ದಲು. ಬರೀ ಗೆರೆ ಒರೆಸಿದರೆ ಆಗುವುದಿಲ್ಲ. ನೆಲ, ಗೋಡೆ ಸೇರುವ ಕಡೆ ತೂತು ಕೊರೆದು ಔಷಧ ಬಿಡುವವರನ್ನು ಕರೆಸಿ, ವಾರಂಟಿ ಪತ್ರ ತೆಗೆದುಕೊಳ್ಳಿ. ಆ ಪತ್ರವನ್ನು ಕೊಳ್ಳುವವರ ಕೈಗೆ ಕೊಡಬಹುದು.

ಹೆಜ್ಜೆ 9: ಅಡುಗೆಮನೆ, ಬಚ್ಚಲು

ಮಾಡ್ಯುಲರ್ ಕಿಚನ್ ಆಸೆ ಬಿಡಿ. ಇರುವ ಕದಗಳ ಹಿಂಜ್, ಹಿಡಿಕೆ ಬದಲಿಸಿ. ಚಿಮಣಿಯ ಜಿಡ್ಡು ತೆಗೆಸಿ. ಸಿಂಕಿನ ಕೆಳಗಿನ ಪೈಪ್ ಬದಲಿಸಿ, ಆ ಕಪಾಟು ಖಾಲಿ ಮಾಡಿ ಒಣಗಿಸಿಡಿ.

ಬಚ್ಚಲಿನಲ್ಲಿ ಟೈಲ್ಸ್ ಹಳತಾದರೂ ಪರವಾಗಿಲ್ಲ, ಅವುಗಳ ನಡುವಿನ ಗೆರೆ ಕಪ್ಪಾಗಿರಬಾರದು. ಹಳೆ ಗ್ರೌಟ್ ಕೆರೆದು ಹೊಸದು ತುಂಬಿಸಿ. ಎಪಾಕ್ಸಿ ಗ್ರೌಟ್ ಆದರೆ ಪಕ್ಕದ ಗೋಡೆಗೆ ತೇವ ಹೋಗುವುದೂ ಕಡಿಮೆಯಾಗುತ್ತದೆ. ಒಡೆದ ಟೈಲ್ಸಿಗೆ ಅದೇ ಡಿಸೈನ್ ಸಿಗದಿದ್ದರೆ ಬೇರೆ ಬಣ್ಣದ ನಾಲ್ಕು ಟೈಲ್ಸನ್ನು ಸಾಲಾಗಿ ಹಾಕಿಸಿ. ಬೇಕೆಂದೇ ಮಾಡಿದ್ದು ಅನ್ನಿಸುತ್ತದೆ.

ವಾಸನೆ ಬರುತ್ತಿದ್ದರೆ ಬಚ್ಚಲ ನೆಲದಲ್ಲಿ ನೀರು ಹೋಗುವ ಜಾಗದ ನಾನಿ ಟ್ರ್ಯಾಪ್ ನೋಡಿ. ಅದರೊಳಗೆ ನಿಂತಿರುವ ನೀರೇ ಚರಂಡಿ ಗಾಳಿಗೆ ತಡೆ. ಬಳಸದ ಬಚ್ಚಲಲ್ಲಿ ಆ ನೀರು ಆರಿ ವಾಸನೆ ಏಳುತ್ತದೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿದರೆ ಮುಗಿಯಿತು. ಮನೆ ಖಾಲಿ ಇಟ್ಟು ಬೀಗ ಹಾಕಿದವರು ಇದನ್ನು ಮರೆತು, ಮನೆ ತೋರಿಸುವ ದಿನ ಊದುಬತ್ತಿ ಹಚ್ಚಿ ಒದ್ದಾಡುತ್ತಾರೆ.

ಹೆಜ್ಜೆ 10: ಖಾಲಿ ಮಾಡುವುದು, ಗೇಟಿನ ಮುಂದೆ

ಅಟ್ಟದ ಮೇಲಿನ ಹಳೆ ಸೂಟ್‌ಕೇಸ್, ಹಿತ್ತಾಳೆ ಪಾತ್ರೆ, ಮಕ್ಕಳ ಸೈಕಲ್, ಬಾಲ್ಕನಿಯ ಪೇಂಟ್ ಡಬ್ಬ ಎಲ್ಲ ಹೋಗಲಿ. ಹೇಗೂ ಮನೆ ಬಿಡುವಾಗ ಮಾಡಬೇಕಾದ ಕೆಲಸ ಅಲ್ವಾ? ಬೀರು, ಸೋಫಾ ಗೋಡೆಯಿಂದ ಸರಿಸಿ ಹಿಂದೆ ನೋಡಿ, ತೇವ ಅಡಗುವುದು ಅಲ್ಲೇ. ದೇವರ ಮನೆಯ ಎಣ್ಣೆ ಜಿಡ್ಡು, ಹೊಗೆ ಕಪ್ಪು ಉಜ್ಜಿಸಿ.

ಗೇಟಿಗೆ ತುಕ್ಕು ಉಜ್ಜಿ ಪ್ರೈಮರ್, ಎನಾಮಲ್. ಕಲ್ಲು ಹಾಸಿನ ನಡುವಿನ ಹುಲ್ಲು ಕಿತ್ತು, ಲಾಲ್‌ಬಾಗ್ ನರ್ಸರಿಯಿಂದ ನಾಲ್ಕು ಗಿಡ ತಂದಿಟ್ಟರೆ ಮುಂಭಾಗ ಮುಗಿಯಿತು. ಕಾಂಪೌಂಡಿನ ಮರ ಬೆಳಕಿಗೆ ಅಡ್ಡ ಅಂತ ಕಡಿಯಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ನಿಮ್ಮ ಸ್ವಂತ ಜಾಗದ ಮರಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕೆತ್ತಿದ ಗಾರೆ, ಟೈಲ್ಸ್ ಚೂರನ್ನು ರಸ್ತೆ ಮೂಲೆಗೆ ಸುರಿಸಬೇಡಿ, ದಂಡ ಬೀಳುತ್ತದೆ. ಯಾರು ಎಲ್ಲಿಗೆ ಸಾಗಿಸುತ್ತಾರೆ ಅಂತ ಮೇಸ್ತ್ರಿ ಜೊತೆ ಮೊದಲೇ ಮಾತಾಡಿಕೊಳ್ಳಿ. ಅಪಾರ್ಟ್‌ಮೆಂಟ್ ಆದರೆ ಕೆಲಸ ಮಾಡುವ ಗಂಟೆ, ಲಿಫ್ಟ್ ಬಳಕೆ, ಬಾಕಿ ಮೇಂಟೆನೆನ್ಸ್ ಬಗ್ಗೆ ಅಸೋಸಿಯೇಷನ್ ಜೊತೆ ಮೊದಲೇ ಕೇಳಿ.

ಕೈ ಹಾಕಬಾರದ ಕೆಲಸಗಳು

ಫಾಲ್ಸ್ ಸೀಲಿಂಗ್, ವಾಲ್‌ಪೇಪರ್, ಹೊಸ ವಾರ್ಡ್‌ರೋಬ್, ಜಕೂಜಿ ಇವ್ಯಾವುದರ ಖರ್ಚೂ ಬೆಲೆಯಲ್ಲಿ ವಾಪಸ್ ಬರುವುದಿಲ್ಲ. ವಾಸ್ತು ಅಂತ ಗೋಡೆ ಒಡೆಸಬೇಡಿ. ಒಬ್ಬರ ವಾಸ್ತು ಪಂಡಿತರಿಗೆ ಸರಿ ಬಂದದ್ದು ಇನ್ನೊಬ್ಬರಿಗೆ ಬರುವುದಿಲ್ಲ, ಕೊಳ್ಳುವವರು ಹೇಗೂ ತಮ್ಮವರನ್ನು ಕರೆತರುತ್ತಾರೆ. ಪ್ಲಾನ್ ಇಲ್ಲದೆ ಟೆರೇಸಿನ ಮೇಲೆ ಒಂದು ರೂಮು ಎಬ್ಬಿಸುವುದಂತೂ ಬೇಡವೇ ಬೇಡ. ಬ್ಯಾಂಕಿನವರು ಸಾಲ ಕೊಡುವ ಮುಂಚೆ ಮನೆಯನ್ನು ಪ್ಲಾನ್ ಜೊತೆ ಹೋಲಿಸಿ ನೋಡುತ್ತಾರೆ.

ಹೆಜ್ಜೆ 11: ಕಾಗದ ಮತ್ತು ಬಿಲ್

ಬಣ್ಣ ಹೊಡೆಸುವ ಹೊತ್ತಿನಲ್ಲೇ ಇ-ಖಾತೆ, ಅಂದರೆ ಪಾಲಿಕೆಯ ಆನ್‌ಲೈನ್ ಖಾತೆಯ ಕೆಲಸ ಶುರು ಮಾಡಿ. 2024ರ ಅಕ್ಟೋಬರ್‌ನಿಂದ ನಗರದ ಆಸ್ತಿ ನೋಂದಣಿಗೆ ಇ-ಖಾತೆ ಬೇಕೇ ಬೇಕು. ಬಿಬಿಎಂಪಿ ಜಾಗಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳು ಬಂದಿವೆ, ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ನೋಡಿಕೊಳ್ಳಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಋಣಭಾರ ಪತ್ರ (ಇಸಿ), ಆಸ್ತಿ ತೆರಿಗೆ ರಸೀದಿ, ಬೆಸ್ಕಾಂ ಮತ್ತು ಜಲಮಂಡಳಿ ಬಾಕಿ ಇಲ್ಲದ ಬಿಲ್, ಮಂಜೂರಾದ ಪ್ಲಾನ್, ಸಾಲ ತೀರಿದ್ದರೆ ಬ್ಯಾಂಕಿನ ಪತ್ರ ಎಲ್ಲ ಒಂದೇ ಫೈಲಿನಲ್ಲಿರಲಿ. ಹೊಳೆಯುವ ಗೋಡೆ ನೋಡಿ ಒಪ್ಪಿದವರು ಕೂಡ ಖಾತೆಯಲ್ಲಿ ಹೆಸರು ತಪ್ಪಿದ್ದರೆ ಎದ್ದು ಹೋಗುತ್ತಾರೆ.

ಕೆಲಸದ ಬಿಲ್‌ಗಳನ್ನು ಜೋಪಾನವಾಗಿಡಿ. ಮನೆಗೆ ಹೊಸದಾಗಿ ಸೇರಿಸಿದ ಶಾಶ್ವತ ಕೆಲಸದ ಖರ್ಚನ್ನು ಬಂಡವಾಳ ಲಾಭದ ತೆರಿಗೆ ಲೆಕ್ಕದಲ್ಲಿ ಕಳೆಯಲು ಅವಕಾಶ ಇದೆ. ಮಾಮೂಲಿ ಬಣ್ಣ, ರಿಪೇರಿಗೆ ಸಾಮಾನ್ಯವಾಗಿ ಇಲ್ಲ. ಮೇಸ್ತ್ರಿಗೆ ಪೂರ್ತಿ ಹಣ ಮುಂಗಡ ಕೊಡಬೇಡಿ. ಸಾಮಾನು ನೀವೇ ತಂದುಕೊಟ್ಟು ಕೂಲಿ ಮಾತ್ರ ಮಾತಾಡುವುದು ಸಣ್ಣ ಕೆಲಸಕ್ಕೆ ಒಳ್ಳೆಯದು.

ಹೆಜ್ಜೆ 12: ತೋರಿಸುವ ದಿನ

ಬೆಳಗ್ಗೆ ಹತ್ತು ಗಂಟೆಯೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಕರೆಯಿರಿ. ನಿಮ್ಮ ಮನೆ ಯಾವ ದಿಕ್ಕಿಗಿದೆ, ಹಾಲಿಗೆ ಬೆಳಕು ಯಾವಾಗ ಚೆನ್ನಾಗಿ ಬರುತ್ತದೆ ನೋಡಿಕೊಂಡು ಹೊತ್ತು ಆರಿಸಿ. ಕಿಟಕಿ ಎಲ್ಲ ತೆಗೆದಿಡಿ. ಎಲ್ಲ ರೂಮಿನ ಲೈಟ್ ಹಾಕಿಡಿ. ಟ್ಯಾಂಕ್ ತುಂಬಿರಲಿ. ಅವರು ನಡೆಯುವಾಗ ಹಿಂದೆ ಹಿಂದೆ ಹೋಗಿ ವಿವರಣೆ ಕೊಡಬೇಡಿ. ಕೇಳಿದ್ದಕ್ಕೆ ಹೇಳಿ.

ಬೆಲೆ ಮಾತಾಗುವ ಮುಂಚೆಯೇ ಮನೆಯಲ್ಲಿ ಏನೇನು ಬಿಟ್ಟು ಹೋಗುತ್ತೀರಿ ಅಂತ ಬರೆದಿಟ್ಟುಕೊಳ್ಳಿ: ಸೋಲಾರ್ ಹೀಟರ್, ಯುಪಿಎಸ್, ಫ್ಯಾನ್, ಪರದೆಯ ರಾಡ್, ನೀರಿನ ಫಿಲ್ಟರ್, ಸಂಪಿನ ಮೋಟಾರ್. ಅಗ್ರಿಮೆಂಟಿನ ಜೊತೆ ಆ ಪಟ್ಟಿಗೂ ಇಬ್ಬರೂ ಸಹಿ ಹಾಕಿ, ಅವತ್ತೇ ಪ್ರತಿ ರೂಮಿನ ಫೋಟೋ ತೆಗೆದಿಡಿ. ರಿಜಿಸ್ಟ್ರೇಷನ್ ದಿನ ಹಾಲಿನ ಫ್ಯಾನ್ ಯಾರದು ಅಂತ ಜಗಳ ಶುರುವಾದರೆ ತೋರಿಸಲು ಅದೇ ಬೇಕಾಗುತ್ತದೆ.